ಕರಿಬೇವಿಲ್ಲದ ಬಾಟಲಿ

ಮುಚ್ಚಳ ತಿರುಗಿಸಿದಾಗ ಬಾಟಲಿ ಸಣ್ಣಗೆ ಉಸಿರು ಬಿಟ್ಟಿತು. ಬೇಯಿಸಿದ ಟೊಮ್ಯಾಟೊದ ವಾಸನೆ ಮೇಲೆದ್ದು ಬಂತು. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಯಲ್ಲಿ ಬಿಸಿಲಿಗೆ ಕಾದ ಗಿಡದ ಕಾಂಡದಂಥದ್ದೇನೋ. ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ನಮ್ಮ ಅಡುಗೆಮನೆ ಒಂದು ಗಳಿಗೆ ಎಲ್ಲಿಗೋ ಹೋಯಿತು. ನಾನು ಟಾರ್ನೀಟಿನ ಬಾಡಿಗೆ ಮನೆಯ ಗರಾಜಿನಲ್ಲಿ ನಿಂತಿದ್ದೆ. ಬಾಗಿಲ ಸಂದಿಯಿಂದ ಬಂದ ಬಿಸಿಲು ಹಲಗೆಯ ಮೇಲಿನ ಬಾಟಲಿಗಳನ್ನು ಒಂದೊಂದಾಗಿ ಮುಟ್ಟುತ್ತಿತ್ತು, ಮುಟ್ಟಿದ್ದೆಲ್ಲ ಕೆಂಪು ದೀಪವಾಗುತ್ತಿತ್ತು.

ಬಾಟಲಿ ಲವೀನಾ ಆಂಟಿ ಕೊಟ್ಟದ್ದು. ಟಾರ್ನೀಟಿನಲ್ಲಿ ನಮ್ಮ ಬೇಲಿಯಾಚೆ ಇದ್ದವರು, ಈಗಲೂ ಅಲ್ಲೇ ಇರುವವರು. ಕಳೆದ ವಾರ ಮೆಲ್ಬರ್ನಿಗೆ ಹೋಗಿದ್ದಾಗ ಬೇಡ ಬೇಡ ಅಂದರೂ ಹಳೆಯ ಟವೆಲಿನಲ್ಲಿ ಸುತ್ತಿ ಕಾರಿನ ಸೀಟಿನ ಕೆಳಗೆ ಇಟ್ಟಿದ್ದರು. ನಾವಿದ್ದ ಮನೆಯನ್ನೂ ಹೋಗಿ ನೋಡಿದೆ. ಹಿತ್ತಲಲ್ಲಿ ಈಗ ಪ್ಲಾಸ್ಟಿಕ್ ಹುಲ್ಲು ಹಾಸಿದ್ದಾರೆ. ಬೇಲಿಯ ಹತ್ತಿರ ನಿಂತು, ಇಲ್ಲಿ ಟೊಮ್ಯಾಟೊ, ಅಲ್ಲಿ ಮೆಂತ್ಯ, ಆ ಮೂಲೆಯಲ್ಲಿ ಕುಂಬಳ ಎಂದು ಮನಸ್ಸಿನಲ್ಲೇ ಗುರುತು ಹಾಕಲು ನೋಡಿದೆ. ನೆನಪಿನ ಹಿತ್ತಲು ಈ ಹಿತ್ತಲಿನ ಎರಡರಷ್ಟು ದೊಡ್ಡದಿತ್ತು.

ಆ ವರ್ಷದ ವಿಷಯದಲ್ಲಿ ನಾನು ನನ್ನನ್ನು ಅಷ್ಟಾಗಿ ನಂಬುವುದಿಲ್ಲ. ನೆನಪಿನಲ್ಲಿ ಅಲ್ಲಿ ಯಾವಾಗಲೂ ಸಂಜೆ, ಯಾವಾಗಲೂ ಹೊಂಬಿಸಿಲು, ನನ್ನ ಕೈಬೆರಳುಗಳು ಟೊಮ್ಯಾಟೊ ಎಲೆ ಮುಟ್ಟಿ ಹಸಿರು ಹಳದಿ. ಆಗಿನ ಡೈರಿ ತೆಗೆದರೆ ಬರೀ ಗಾಳಿ. ‘ಇವತ್ತೂ ಗಾಳಿ.’ ‘ಗಾಳಿಗೆ ಹುರುಳಿಕಾಯಿ ಚಪ್ಪರ ಬಿತ್ತು.’ ‘ಪುಟ್ಟಿಗೆ ಕೆಮ್ಮು, ಹೊರಗೆ ಗಾಳಿ.’ ಇತಿಹಾಸ ಓದಿದವಳು ನಾನು. ಬರೆದಿಟ್ಟದ್ದಕ್ಕೂ ನೆನಪಿಗೂ ಜಗಳ ಬಿದ್ದರೆ ಬರೆದಿಟ್ಟದ್ದರ ಕಡೆ ನಿಲ್ಲಬೇಕು ಎಂದು ಕಲಿತವಳು. ಆದರೆ ಈ ವಾಸನೆ ಡೈರಿಯಲ್ಲಿ ಎಲ್ಲೂ ಇಲ್ಲ.

ಟಾರ್ನೀಟಿಗೆ ಹೊಸದಾಗಿ ರೈಲು ಬಂದ ವರ್ಷ ಅದು. ನಾನು, ನನ್ನ ಗಂಡ ಗಿರೀಶ, ಮಗಳು ಪುಟ್ಟಿ ಮೈಸೂರಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಿರೀಶ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದ. ಕಾರು ಮಾಡುವುದನ್ನೇ ಈ ದೇಶ ನಿಲ್ಲಿಸುತ್ತಿದ್ದ ಕಾಲ. ದೊಡ್ಡ ಕಾರ್ಖಾನೆಗಳಿಗಿಂತ ಮೊದಲು ಅವುಗಳಿಗೆ ಸಾಮಾನು ಕೊಡುವ ಸಣ್ಣವು ಮುಚ್ಚತೊಡಗಿದವು. ಅವನದೂ ಮುಚ್ಚಿತು. ಇಲ್ಲೇ ನೆಲೆಸಲು ಪಿಆರ್ ಇತ್ತು, ಆದರೆ ಹೊಸಬರಿಗೆ ಸರ್ಕಾರದ ನೆರವು ಸಿಗುವ ಅವಧಿ ಇನ್ನೂ ಬಂದಿರಲಿಲ್ಲ. ಗಿರೀಶ ಹತ್ತಿರದ ಟ್ರುಗನಿನಾದ ತರಕಾರಿ ಗೋದಾಮಿನಲ್ಲಿ ಕ್ಯಾಶುಯಲ್ ಕೆಲಸಕ್ಕೆ ಹೋಗತೊಡಗಿದ. ಕರೆದ ದಿನ ಕೆಲಸ, ಕರೆಯದ ದಿನ ಮನೆ. ಆ ಸಂಬಳ ರೆಂಟಿಗೆ ಸಾಕಾಗುತ್ತಿತ್ತು, ಹೊಟ್ಟೆಗೆ ಸಾಲುತ್ತಿರಲಿಲ್ಲ.

ಹಿತ್ತಲು ಅಗೆಯೋಣ ಎಂದದ್ದು ನಾನಾ, ಅವನಾ? ನಾನೇ ಎಂದು ಎಲ್ಲರಿಗೂ ಹೇಳಿದ್ದೇನೆ. ಲವೀನಾ ಆಂಟಿಯನ್ನು ಕೇಳಿದರೆ ತಾವೇ ಎನ್ನುತ್ತಾರೆ.

ಅವರು ಮಂಗಳೂರಿನ ಕಡೆಯವರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ. ಮೊದಲ ದಿನ ನಾನು ಗುದ್ದಲಿ ಹಿಡಿದು ಒದ್ದಾಡುತ್ತಿದ್ದುದನ್ನು ಬೇಲಿಯ ಮೇಲಿಂದ ನೋಡಿ, “ಎಂತ ಮಾರಾಯ್ತಿ, ಬಾವಿ ತೋಡುದಾ?” ಎಂದಿದ್ದರು. ಆ ಕಡೆಯ ಮಣ್ಣು ನಮ್ಮ ಎರೆಮಣ್ಣಿನ ದಾಯಾದಿ. ಒಣಗಿದರೆ ಹೆಂಚು, ನೆನೆದರೆ ಅಂಟು, ನಡುವೆ ಕರಿಕಲ್ಲು. ಹಸುವಿನ ಗೊಬ್ಬರದ ಚೀಲ ತಂದು, ಅಡುಗೆಮನೆಯ ಸಿಪ್ಪೆ ಸೊಪ್ಪೆಯೆಲ್ಲ ಹೂತು, ಅಕ್ಕಿ ತೊಳೆದ ನೀರು, ಸ್ನಾನದ ನೀರು ಬಕೆಟ್ಟಿನಲ್ಲಿ ಹೊತ್ತು ಸುರಿದೆ. ಮೆಂತ್ಯ ಮೊದಲು ಬಂತು. ಅದರ ಎರಡೆಲೆ ಹೊರಗೆ ಕಂಡ ಬೆಳಿಗ್ಗೆ ಪುಟ್ಟಿಯನ್ನು ಎಬ್ಬಿಸಿ ಕರೆದುಕೊಂಡು ಹೋಗಿ ತೋರಿಸಿದೆ. ಅವಳಿಗೆ ಆಗ ಆರೋ ಏಳೋ. ಕಣ್ಣುಜ್ಜಿಕೊಂಡು, “ಈಸ್ ದಟ್ ಇಟ್?” ಅಂದಳು.

ನವೆಂಬರಿನಲ್ಲಿ ಕುದುರೆ ರೇಸಿನ ರಜೆಯ ದಿನ ಇಡೀ ಊರು ಟೊಮ್ಯಾಟೊ ನೆಡುತ್ತದೆ. ನಾವೂ ನೆಟ್ಟೆವು. ಸಸಿಗಳು ಲವೀನಾ ಆಂಟಿಯವು. ಹೋರಿಯ ಹೃದಯದ ಆಕಾರದ, ಹೆಗಲು ಬಿರಿದ, ಒಂದಕ್ಕೊಂದು ಹೋಲದ ಹಣ್ಣು ಕೊಡುವ ಜಾತಿ. ಅಲ್ಲಿ ನಡುಬೇಸಿಗೆಯಾದ ಜನವರಿಯ ಹೊತ್ತಿಗೆ ತರಕಾರಿ ಅಂಗಡಿಗೆ ಹೋಗುವುದೇ ನಿಂತಿತು. ದಂಟಿನ ಸೊಪ್ಪು, ಬದನೆ, ಹುರುಳಿಕಾಯಿ, ಸೋರೆಕಾಯಿಯ ಜಾಗಕ್ಕೆ ಜುಕೀನಿ. ಜುಕೀನಿ ಮಜ್ಜಿಗೆಹುಳಿ, ಜುಕೀನಿ ಪಲ್ಯ, ಜುಕೀನಿ ದೋಸೆ. “ನಾಳೆ ಜುಕೀನಿ ಕಾಫಿನಾ?” ಎಂದು ಗಿರೀಶ ಕೇಳಿದ್ದ.

ಟೊಮ್ಯಾಟೊ ಮಾತ್ರ ಎಷ್ಟು ತಿಂದರೂ ಮುಗಿಯಲಿಲ್ಲ. ಉತ್ತರದ ಬಿಸಿಗಾಳಿ ಬೀಸಿದ ಒಂದು ಮಧ್ಯಾಹ್ನ, ಎಲೆಗಳು ಕೈಮುಗಿದಂತೆ ಮಡಚಿಕೊಂಡು, ಹಣ್ಣುಗಳೆಲ್ಲ ಒಟ್ಟಿಗೆ ಕೆಂಪಾದವು. ಲವೀನಾ ಆಂಟಿ ಬೇಲಿಯಾಚೆಯಿಂದ ದೊಡ್ಡ ಪಾತ್ರೆ ಎತ್ತಿ ಕೊಟ್ಟರು.

“ಬಾಟಲಿ ಉಂಟಾ ನಿನ್ನತ್ರ?”

“ಉಪ್ಪಿನಕಾಯಿ ಬಾಟಲಿ, ಕಾಫಿ ಬಾಟಲಿ, ಜೇನಿನ ಬಾಟಲಿ... ಬಿಸಾಡಕ್ಕೆ ಮನಸ್ಸಾಗದೆ ಎಲ್ಲ ಇಟ್ಕೊಂಡಿದೀನಿ ಆಂಟಿ.”

“ಒಳ್ಳೇದೇ ಆಯ್ತಲ್ಲ! ಮುಚ್ಚಳ ಮಾತ್ರ ಹೊಸದು ಬೇಕು. ನಮ್ಮ ಸೆಂಟರಲ್ಲಿ ಒಬ್ರು ಇಟಲಿಯ ಅಜ್ಜಿ ಇದ್ರು, ಅವರು ನನಗೆ ಹೇಳಿಕೊಟ್ಟದ್ದು. ನಿಂಬೆಹುಳಿ ಹಿಂಡ್ಲಿಕ್ಕೆ ಮರೀಬೇಡ.”

ಹಣ್ಣು ಬೇಯಿಸಿ, ಸಿಪ್ಪೆ ಬೀಜ ಸೋಸಿ, ಕುದಿಯುವ ರಸವನ್ನು ಬಿಸಿ ಬಾಟಲಿಗೆ ತುಂಬಿ, ನಿಂಬೆರಸ ಹಾಕಿ, ಮುಚ್ಚಳ ಬಿಗಿದು, ಮತ್ತೆ ನೀರಿನ ಪಾತ್ರೆಯಲ್ಲಿ ಮುಳುಗಿಸಿ ಕುದಿಸುವುದು. ಹೊರತೆಗೆದು ಬಟ್ಟೆಯ ಮೇಲೆ ಇಟ್ಟು ಸುಮ್ಮನೆ ಕೂರಬೇಕು. ತಣ್ಣಗಾಗುತ್ತ ಒಂದೊಂದೇ ಮುಚ್ಚಳ ಟಕ್ ಎಂದು ಒಳಗೆ ಸೆಳೆದುಕೊಳ್ಳುತ್ತದೆ. ಟಕ್ ಅಂದರೆ ಗಾಳಿ ಹೋಯಿತು, ವರ್ಷವಿಡೀ ಕೆಡದು. ನಾನು ಪ್ರತಿ ಬಾಟಲಿಗೂ ಒಂದು ಎಸಳು ಕರಿಬೇವು ಹಾಕುತ್ತಿದ್ದೆ. ಆಂಟಿ ಹಾಕುತ್ತಿರಲಿಲ್ಲ. “ನಿಮ್ಮ ಮೈಸೂರಿನವರಿಗೆ ಎಲ್ಲದಕ್ಕೂ ಕರಿಬೇವು ಬೇಕು, ಚಾಕ್ಕೂ ಹಾಕ್ತೀರಾ ಎಂತ?” ಎಂದು ನಗುತ್ತಿದ್ದರು. ಎಲೆ ಮಾತ್ರ ಅವರ ಕುಂಡದ್ದೇ. ಗಾಜಿನ ಗೋಡೆಗೆ ಅಂಟಿಕೊಂಡ ಆ ಹಸಿರು, ಕೆಂಪಿನೊಳಗೆ ನಿದ್ದೆ ಹೋದ ಮೀನಿನಂತೆ ಕಾಣುತ್ತಿತ್ತು.

ಮಾತು ಬಂದದ್ದು ಆಗಲೇ. ಮೊದಲ ಸಾಲು ಬಾಟಲಿಗಳು ಗರಾಜಿನ ಹಲಗೆ ಏರಿದ ಸಂಜೆ, ಗಿರೀಶ ಗೋದಾಮಿನಿಂದ ಬಂದು ಶೂ ಬಿಚ್ಚುತ್ತ ಹಲಗೆಯನ್ನೇ ನೋಡಿದ.

“ವಸು, ಚಳಿಗಾಲದಲ್ಲಿ ಹೀಟರ್ ಹಾಕ್ಬೇಕು, ತರಕಾರಿ ಕೊಳ್ಬೇಕು. ಆಗೋದಿಲ್ಲ ಕಣೇ.”

“ಹಾಗಂದ್ರೆ?”

“ಈ ಬಾಟಲಿ ಮುಗಿಯೋವರೆಗೆ ನೋಡೋಣ. ಅಷ್ಟರಲ್ಲಿ ಸರಿಯಾದ ಕೆಲಸ ಸಿಗದಿದ್ರೆ ನೀನೂ ಪುಟ್ಟಿನೂ ಮೈಸೂರಿಗೆ ಹೋಗಿ. ನಾನು ಯಾರ ಮನೇಲಾದ್ರೂ ಒಂದು ರೂಮ್ ತಗೊಂಡು ಇರ್ತೀನಿ. ಆರು ತಿಂಗಳು, ಅಷ್ಟೇ.”

ಆರು ತಿಂಗಳು ಎಂದರೆ ಏನು ಎಂದು ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲೇ ಒಬ್ಬರಿದ್ದರು. ಹೆಂಡತಿ ಮಕ್ಕಳನ್ನು ಆರು ತಿಂಗಳಿಗೆಂದು ಕಳಿಸಿ, ಮಕ್ಕಳು ಅಲ್ಲಿ ಶಾಲೆ ಸೇರಿ, ವರ್ಷಗಳು ಕಳೆದು, ಈಗ ವಿಡಿಯೊದಲ್ಲಿ ಹುಟ್ಟುಹಬ್ಬ ಮಾಡುವವರು. ಬೇಡ ಅಂದೆ, ಅತ್ತುಬಿಟ್ಟೆ. ಗಿರೀಶ ಬಿಚ್ಚಿದ ಶೂ ಜೋಡಿಸಿಟ್ಟ. ಒಂದು ಅಳತೆ ಹೇಳಿದ ಮೇಲೆ ಕೂದಲೆಳೆಯಷ್ಟೂ ಸಡಿಲ ಬಿಡದವನು, ಕೆಲಸದಲ್ಲೂ ಹಾಗೇ, ಮನೆಯಲ್ಲೂ ಹಾಗೇ. ವಾರದೊಳಗೆ ಫೋನಿನಲ್ಲಿ ನನ್ನ ಅಮ್ಮನಿಗೂ ಹೇಳಿಬಿಟ್ಟ. ಅಲ್ಲಿಗೆ ಅದು ಗೋಡೆಯಾಯಿತು.

ಆಮೇಲೆ ನನಗೆ ಬಾಟಲಿ ತುಂಬುವುದು ಉಳಿತಾಯದ ಕೆಲಸವಾಗಿ ಉಳಿಯಲಿಲ್ಲ. ಒಂದೊಂದು ಟಕ್ ಸದ್ದೂ ನಾವು ಮೂವರೂ ಒಂದೇ ಮನೆಯಲ್ಲಿರುವ ಇನ್ನಷ್ಟು ದಿನ. ಬಿಸಿಗಾಳಿ ಇರಲಿ, ಮಧ್ಯಾಹ್ನ ಹಠಾತ್ತನೆ ತಿರುಗಿ ಸ್ವೆಟರ್ ಹಾಕಿಸುವ ದಕ್ಷಿಣದ ತಣ್ಣನೆ ಗಾಳಿ ಇರಲಿ, ನಾನು ಒಲೆಯ ಮುಂದೆ. ಕಿಟಕಿಗಳೆಲ್ಲ ಹಬೆ. ಪುಟ್ಟಿ ಆ ಹಬೆಯ ಮೇಲೆ ಬೆರಳಿನಿಂದ ಬೆಕ್ಕು ಬರೆಯುತ್ತಿದ್ದಳು. ಬೆಕ್ಕು ಕರಗಿ ಇಳಿಯುತ್ತಿತ್ತು, ಇನ್ನೊಂದು ಬರೆಯುತ್ತಿದ್ದಳು. ಆ ಬೆಕ್ಕುಗಳು ನಿಜ. ಅವಳಿಗೂ ನೆನಪಿದೆ.

ಹೆಚ್ಚು ಬುದ್ಧಿ ಓಡಿಸಿದ್ದೇ ತಪ್ಪಾಯಿತು. ಬರೀ ರಸ ಯಾಕೆ, ಸಾರನ್ನೇ ತುಂಬಿಟ್ಟರೆ? ಒಂದೇ ಸಲ ಬೇಳೆ ಬೇಯಿಸಿ, ಸಾರಿನ ಪುಡಿ ಹಾಕಿ, ಇಂಗು ಸಾಸಿವೆ ಒಗ್ಗರಣೆ ಕೊಟ್ಟು, ಬಾಟಲಿಗೆ ತುಂಬಿ ಕುದಿಸಿದರೆ, ಚಳಿಗಾಲವಿಡೀ ಅನ್ನ ಒಂದು ಮಾಡಿದರೆ ಸಾಕು. ಗ್ಯಾಸ್ ಉಳಿತಾಯ, ಹೊತ್ತು ಉಳಿತಾಯ. ಗಿಡಗಳು ಉಕ್ಕಿ ಕೊಡುತ್ತಿದ್ದ ಫೆಬ್ರವರಿಯ ಆ ವಾರದ ಹಣ್ಣೆಲ್ಲ ಸಾರಾಯಿತು. ಮುಚ್ಚಳಗಳು ಟಕ್ ಅಂದವು. ನಾನು ಬಾಟಲಿಗಳನ್ನು ಒರೆಸಿ, ಮುಂದಿನ ಸಾಲಿನಲ್ಲಿ, ಹೆಮ್ಮೆಯ ಜಾಗದಲ್ಲಿ ಇಟ್ಟೆ.

ಕೆಲವು ದಿನಗಳ ಮೇಲೆ ಗರಾಜಿನಿಂದ ಏನೋ ಒಡೆದ ಸದ್ದು. ಹೋಗಿ ನೋಡಿದರೆ ಸಾರು ಗೋಡೆಯ ಮೇಲೆ. ಉಳಿದ ಸಾರಿನ ಬಾಟಲಿಗಳಲ್ಲಿ ಹೆಚ್ಚಿನವುಗಳ ಮುಚ್ಚಳಗಳು ಉಬ್ಬಿ ನಿಂತಿದ್ದವು. ಲವೀನಾ ಆಂಟಿ ಕೆಲಸದ ಸಮವಸ್ತ್ರದಲ್ಲೇ ಓಡಿ ಬಂದರು.

“ಇದರಲ್ಲಿ ಎಂತ ಹಾಕಿದ್ದು ನೀನು?”

“ಸಾರು ಆಂಟಿ. ಬೇಳೆ ಸಾರು.”

“ಬೇಳೆಯಾ! ದೇವರೇ! ಟೊಮ್ಯಾಟೊಕ್ಕೆ ಹುಳಿ ಉಂಟು, ಹಾಗಾಗಿ ನಿಲ್ತದೆ. ಬೇಳೆಗೆ ಎಂತ ಉಂಟು? ವಿಷ ಆಗ್ತದೆ ಮಾರಾಯ್ತಿ. ರುಚಿ ನೋಡ್ಲಿಕ್ಕೂ ಹೋಗ್ಬೇಡ. ಎಲ್ಲ ಬಿಸಾಡು.”

“ಇಷ್ಟು ಮಾತ್ರ ಉಬ್ಬಿಲ್ಲ ನೋಡಿ...”

“ಅದೂ ಬಿಸಾಡು.”

ಇಬ್ಬರೂ ಬಾಟಲಿಗಳನ್ನು ಮುಚ್ಚಳ ತೆಗೆಯದೆ ಚೀಲದೊಳಗೆ ಚೀಲ ಕಟ್ಟಿ ಕಸದ ಡಬ್ಬಿಗೆ ಹಾಕಿದೆವು. ಹಲಗೆಯ ಮುಂದಿನ ಸಾಲು ಪೂರ್ತಿ ಖಾಲಿ. ಹಿಂದಿನ ಸಾಲಿನ ರಸದ ಬಾಟಲಿಗಳು ಎಷ್ಟು ಕಮ್ಮಿ ಎಂದು ಮೊದಲ ಸಲ ಕಂಡಿತು. ಸಂಜೆ ಗಿರೀಶನಿಗೆ ಹೇಳಿದೆ. ಅವನು ಗೋಡೆಯ ಮೇಲಿನ ಅರಿಶಿನದ ಕಲೆ ನೋಡಿದ, ಹಲಗೆ ನೋಡಿದ. ಬೈಯುತ್ತಾನೆ ಎಂದುಕೊಂಡೆ.

“ಒಗ್ಗರಣೆನೂ ಹಾಕಿದ್ದಾ?” ಎಂದು ಕೇಳಿದ.

“ಹೂಂ.”

“ಇಂಗು?”

“ಹೂಂ.”

ಅವನು ನಗಲು ಶುರು ಮಾಡಿದ. ನಾನೂ ನಕ್ಕೆ. ನಗುತ್ತ ನಗುತ್ತ ಅವನು ಮುಖ ಆ ಕಡೆ ತಿರುಗಿಸಿದ, ಬಹಳ ಹೊತ್ತು ತಿರುಗಿಸಿಕೊಂಡೇ ಇದ್ದ. ಈ ಕೊನೆಯದು ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು.

ಏಪ್ರಿಲ್ ಬಂತು. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಗಿಡಗಳ ಕೆಳಗಿನೆಲೆ ಕಂದು. ಕೊನೆಯ ಹಣ್ಣುಗಳನ್ನು ಕಿತ್ತು, ಗಿಡ ಕಿತ್ತು, ಮಣ್ಣಿಗೆ ಮತ್ತೆ ಮೆಂತ್ಯ ಎರಚಿದೆ. ಇನ್ನು ಹಲಗೆಯಲ್ಲಿದ್ದಷ್ಟೇ. ನಾನು ಬಾಟಲಿಗಳನ್ನು ಎಣಿಸಲಿಲ್ಲ, ಎಣಿಸಲು ಹೆದರಿಕೆ. ಒಂದು ಬಾಟಲಿ ತೆರೆದರೆ ಹುಣಸೆಹಣ್ಣು ಸೇರಿಸಿ, ನೀರು ಸೇರಿಸಿ, ಎರಡು ದಿನ, ಮೂರು ದಿನ ಎಳೆದೆ. ಒಮ್ಮೆ ಗಿರೀಶ ತಟ್ಟೆಯಲ್ಲಿ ಸಾರು ವಾಲಿಸಿ, “ಇದರಲ್ಲಿ ತಟ್ಟೆಯ ಹೂವು ಕಾಣ್ತಿದೆ” ಎಂದ. ಆದರೂ ಇನ್ನೊಂದು ಸೌಟು ಹಾಕಿಸಿಕೊಂಡ. ಅಮ್ಮ ಫೋನಿನಲ್ಲಿ ಪುಟ್ಟಿಗೆ ಅಲ್ಲಿನ ಶಾಲೆಯ ಬಗ್ಗೆ ಹೇಳತೊಡಗಿದ್ದರು. “ಬಟ್ ವಿ ಹ್ಯಾವ್ ಬಾಟಲ್ಸ್, ಅಜ್ಜಿ” ಎಂದು ಇವಳ ಉತ್ತರ. ಅಜ್ಜಿಗೆ ಏನೂ ಅರ್ಥವಾಗಲಿಲ್ಲ.

ಆ ತಿಂಗಳುಗಳಲ್ಲಿ ಗಿರೀಶ ಕೆಲಸವಿಲ್ಲದ ದಿನವೂ ಹೊರಗೆ ಹೋಗುತ್ತಿದ್ದ. ಅರ್ಜಿ ಹಾಕಲು ಲೈಬ್ರರಿಗೆ ಎನ್ನುತ್ತಿದ್ದ. ಬರುವಾಗ ಅವನ ಮೈಯಿಂದ ಏನೋ ವಾಸನೆ ಬರುತ್ತಿತ್ತು. ಜಾಕೆಟ್ಟಿಗೆ ಹತ್ತಿದ ಗೋದಾಮಿನದು ಎಂದುಕೊಂಡೆ.

ಜೂನಿನ ಒಂದು ಬೂದು ಬೆಳಿಗ್ಗೆ ಬಾಟಲಿ ತರಲು ಹೋದೆ. ಹಿಂದಿನ ಸಾಲಿನ ಮೂಲೆಗೆ ಕೈ ಹಾಕಿದೆ. ಅಡುಗೆಮನೆಗೆ ತಂದು ಮುಚ್ಚಳ ತಿರುಗಿಸಿದೆ, ಉಸಿರು ಬಿಟ್ಟಿತು, ಪಾತ್ರೆಗೆ ಸುರಿದೆ. ಕರಿಬೇವು ಬೀಳಲಿಲ್ಲ. ಬಾಟಲಿಯೊಳಗೆ ಇಣುಕಿದೆ. ಸೌಟಿನಿಂದ ಪಾತ್ರೆ ತಿರುವಿದೆ. ಇರಲಿಲ್ಲ. ನಾನು ಮರೆತಿರಬೇಕು ಎಂದುಕೊಂಡೆ. ಆಮೇಲೆ ಮೆಲ್ಲಗೆ ಗರಾಜಿಗೆ ವಾಪಸು ಹೋದೆ. ದೀಪ ಹಾಕಿ, ಹಿಂದಿನ ಸಾಲಿನ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದೆ. ನನ್ನವು ಒಂದು ಕುತ್ತಿಗೆವರೆಗೆ, ಒಂದು ಭುಜದವರೆಗೆ, ಕೈಗೆ ಬಂದಷ್ಟು ತುಂಬಿದವು, ಎಲ್ಲದರಲ್ಲೂ ಎಲೆ. ಇವು ಬೇರೆ. ಎಲೆಯಿಲ್ಲ. ಎಲ್ಲವೂ ಒಂದೇ ಮಟ್ಟಕ್ಕೆ, ಅಳೆದು ಗೆರೆ ಎಳೆದಂತೆ ತುಂಬಿದವು.

ಅಷ್ಟು ಸಮನಾಗಿ ತುಂಬುವ ಕೈ ಈ ಮನೆಯಲ್ಲಿ ಒಂದೇ ಇತ್ತು.

ಬೇಲಿಯ ಹತ್ತಿರ ಹೋಗಿ ಕೂಗಿದೆ. ಲವೀನಾ ಆಂಟಿ ಬಟ್ಟೆ ಒಣಹಾಕುತ್ತಿದ್ದರು. ಮೊದಲು ಏನೂ ಗೊತ್ತಿಲ್ಲ ಎಂದರು. ಆಮೇಲೆ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ ತೆಗೆದು ಹೇಳಿದರು: “ಗೋದಾಮಿನಲ್ಲಿ ಕೆಲಸ ಮುಗಿದ ಮೇಲೆ ಜಜ್ಜಿದ ಹಣ್ಣು ಕೊಡ್ತಾರಂತೆ ವಸು. ಗಿರೀಶ ತಂದು ನನ್ನ ಅಡುಗೆಕೋಣೆಯಲ್ಲಿ ಮಾಡುದು. ಒಂದು ಬಾಟಲಿಗೆ ಎಷ್ಟು ಹೊತ್ತು! ಬಗ್ಗಿ ನೋಡುದು, ಮತ್ತೆ ಒಂದು ಹನಿ ಹಾಕುದು, ಮತ್ತೆ ಬಗ್ಗುದು. ನನಗೆ ಡ್ಯೂಟಿಗೆ ಲೇಟು! ನಿನಗೆ ಹೇಳ್ಬಾರ್ದು ಅಂತ ನನ್ನಿಂದ ಆಣೆ ಹಾಕಿಸಿದ್ದಾನೆ. ನೀನು ಕೇಳಿದ್ದಕ್ಕೆ ಹೇಳಿದೆ, ಅದು ಲೆಕ್ಕಕ್ಕಿಲ್ಲ.”

ನಾನು ಗಿರೀಶನನ್ನು ಕೇಳಲಿಲ್ಲ. ಬಾಟಲಿ ಮುಗಿಯುವವರೆಗೆ ಎಂದವನು ಅವನೇ, ಮುಗಿಯದಂತೆ ತುಂಬುತ್ತಿದ್ದವನೂ ಅವನೇ. ಕೇಳಿದರೆ ಆ ಮಾತು ಬಾಯಿಗೆ ಬರುತ್ತಿತ್ತು, ಬಾಯಿಗೆ ಬಂದರೆ ಅವನು ತನ್ನ ಅಳತೆಗೆ ಮತ್ತೆ ನಿಲ್ಲಬೇಕಾಗುತ್ತಿತ್ತು. ಆ ರಾತ್ರಿಯ ಸಾರಿಗೆ ನೀರು ಸೇರಿಸಲಿಲ್ಲ. ದಪ್ಪಗೆ, ಹುಳಿಹುಳಿಯಾಗಿ ಮಾಡಿದೆ. ಅವನು ಒಂದು ತುತ್ತು ತಿಂದು ನನ್ನ ಮುಖ ನೋಡಿದ. ನಾನು ತುಪ್ಪದ ಡಬ್ಬಿ ಅವನ ಕಡೆ ತಳ್ಳಿದೆ. ಇಬ್ಬರೂ ಊಟ ಮಾಡಿದೆವು.

ಸಿಡ್ನಿಯಿಂದ ಕೆಲಸದ ಫೋನ್ ಬಂದದ್ದು ಕೊನೆಯ ಬಾಟಲಿ ತೆರೆದ ದಿನವೇ ಎಂದು ನಾನು ಹೇಳುತ್ತ ಬಂದಿದ್ದೇನೆ. ಕೇಳುವವರಿಗೆ ಅದು ಚೆನ್ನಾಗಿರುತ್ತದೆ. ಆದರೆ ಹಾಗಿರಲು ಸಾಧ್ಯವಿಲ್ಲ. ಆಸ್ಪತ್ರೆಯ ಮಂಚ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿ, ಮನೆ ಖಾಲಿ ಮಾಡಿ ನಾವು ಮೂವರೂ ಹೆದ್ದಾರಿ ಹಿಡಿದಾಗ, ಪುಟ್ಟಿಯ ಕಾಲ ಬಳಿ ಒಂದು ಪೆಟ್ಟಿಗೆಯಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆ ಸದ್ದಿಗೆ ಅವಳು ನಿದ್ದೆ ಹೋಗಿದ್ದಳು. ಹಿಂದೆ ತಿರುಗಿ ನೋಡಿದಾಗೆಲ್ಲ ಬಿಸಿಲು ಅವಳ ಪಾದದ ಮೇಲೆ ಕೆಂಪಗೆ ಅಲುಗುತ್ತಿತ್ತು.

ಇಷ್ಟೂ ವರ್ಷ ಕೇಳದೆ ಇದ್ದದ್ದು ಈ ಭಾನುವಾರ ಯಾಕೆ ಬಾಯಿಗೆ ಬಂತೋ. ಲವೀನಾ ಆಂಟಿಯ ಬಾಟಲಿಯನ್ನು ಪಾತ್ರೆಗೆ ಸುರಿದು, ಬರಿದಾದ ಗಾಜನ್ನು ಕೈಯಲ್ಲಿ ಹಿಡಿದೇ ಕೇಳಿದೆ. ಗಿರೀಶ ಊಟದ ಮೇಜಿನ ಹತ್ತಿರ ಕೂತು ಕುರ್ಚಿಯ ಸಡಿಲ ಕಾಲು ಬಿಗಿಯುತ್ತಿದ್ದ.

“ಗಿರಿ, ಕರಿಬೇವು ಯಾಕೆ ಹಾಕ್ಲಿಲ್ಲ ನೀನು?”

“ಯಾವುದಕ್ಕೆ?”

“ಟಾರ್ನೀಟಲ್ಲಿ. ನಿನ್ನ ಬಾಟಲಿಗಳಿಗೆ.”

ಸ್ಪ್ಯಾನರ್ ನಿಂತಿತು. ಅವನು ತಲೆ ಎತ್ತಲಿಲ್ಲ.

“ಹಾಕಿದ್ರೆ ನಿಂಗೆ ಗೊತ್ತಾಗ್ತಿರ್ಲಿಲ್ವಲ್ಲ” ಎಂದ.

ಸೋಫಾದಿಂದ ಪುಟ್ಟಿ, ಈಗ ಪುಟ್ಟಿಯೇನಲ್ಲ, ಫೋನಿನಿಂದ ಕಣ್ಣು ತೆಗೆಯದೆ, “ಅಮ್ಮ, ಹಿ ಟೋಟಲಿ ಫರ್ಗಾಟ್” ಅಂದಳು.

ಇರಬಹುದು. ಅವನು ಕಲಿತದ್ದು ಲವೀನಾ ಆಂಟಿಯ ಹತ್ತಿರ, ಅವರು ಎಲೆ ಹಾಕುವವರೇ ಅಲ್ಲ. ಹೇಳಿಕೊಟ್ಟ ಹಾಗೆ ಮಾಡಿರಬಹುದು. ಈ ಉತ್ತರ ಈಗ ಕುರ್ಚಿಯ ಪಕ್ಕದಲ್ಲೇ ಹುಟ್ಟಿರಬಹುದು. ಆಂಟಿಗೆ ಒಂದು ಫೋನ್ ಮಾಡಿದರೆ ಗೊತ್ತಾಗಿಬಿಡುತ್ತದೆ. ಆ ದಿನಗಳಲ್ಲಿ ಅವರ ಕುಂಡದ ಗಿಡ ಅವನ ಕೈಗೆ ಹತ್ತಿರದಲ್ಲೇ ಇತ್ತು, ಅವನು ಕೇಳಿದ್ದನೇ, ಬೇಡ ಎಂದಿದ್ದನೇ, ಅವರಿಗೆ ನೆನಪಿರುತ್ತದೆ.

ಫೋನ್ ಕೈಯಳತೆಯಲ್ಲೇ ಇತ್ತು. ನಾನು ಅದನ್ನು ದಾಟಿ ಹಿತ್ತಲಿಗೆ ಹೋಗಿ, ಕುಂಡದಿಂದ ಒಂದು ಎಸಳು ಕರಿಬೇವು ಕಿತ್ತುಕೊಂಡು ಬಂದೆ.